ಕಾಮಣ್ಣನ ಬೆಂಕಿಗೆ ಆ ಅಂಗಿ ಬೇಡ

ತಮ್ಮಾ,

ನಿನ್ನೆ ಸಂಜೆ ಕಿರಾಣಿ ಅಂಗಡಿಯ ಮುಂದೆ ನೀವು ನಾಲ್ಕೈದು ಹುಡುಗರು ಗುಂಪಾಗಿ ನಿಂತಿದ್ದಿರಿ. ಹೋಳಿ ಹುಣ್ಣಿಮೆ ಹತ್ತಿರ ಬಂತು, ಕುಳ್ಳು ಕಟ್ಟಿಗೆ ಕೂಡಿಸುವ ಮಾತಿರಬೇಕು ಅಂದುಕೊಂಡು ನಾನು ದಾಟಿ ಹೋಗುತ್ತಿದ್ದೆ. ಅಷ್ಟರಲ್ಲಿ ನಿಮ್ಮಲ್ಲೊಬ್ಬ, "ಈ ಸಲ ಕಾಮಣ್ಣನ ಜೋಡಿ ಅವನ ಏಳ್ ನಂಬರ್ ಅಂಗೀನೂ ಸುಡೂಣು" ಅಂದ. ಎಲ್ಲರೂ ಕೇಕೆ ಹಾಕಿದಿರಿ. ಅಂಗಡಿಯ ಒಳಗೆ, ನಿಮ್ಮ ತಂಡ ಬಿಟ್ಟು ಹೋದ ಆ ಗೆಳೆಯನ ಅವ್ವ ತೊಗರಿಬೇಳೆ ತೂಗಿಸಿಕೊಳ್ಳುತ್ತಿದ್ದಳು. ನೀವು ನೋಡಲಿಲ್ಲ, ನಾನು ನೋಡಿದೆ. ಚೀಲ ಸೆರಗಿನೊಳಗೆ ಮುಚ್ಚಿಕೊಂಡು, ನಿಮ್ಮ ಮುಂದೆ ಹಾಯಲಾರದೆ, ಹಿಂದಿನ ಓಣಿಯಿಂದ ಸುತ್ತಿ ಮನೆಗೆ ಹೋದಳು.

ಆವಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು ಹೇಳಿದರೆ ನಿನಗೆ ಅವಮಾನವಾದೀತು. ಅದಕ್ಕೆ ಬರೆಯುತ್ತಿದ್ದೇನೆ. ಕಬಡ್ಡಿ ತಂಡದ ನಾಯಕ ನೀನು, ನಿನ್ನ ಮಾತು ಉಳಿದವರು ಕೇಳುತ್ತಾರೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮೂರು ನೇಸರಗಿಯ ಹುಡುಗರು ಬಂದರು ಅಂದರೆ ಸುತ್ತಲಿನ ಜಾತ್ರೆಗಳಲ್ಲಿ ಜನ ಎದ್ದು ನಿಲ್ಲುತ್ತಿದ್ದದ್ದು ಅವನ ರೇಡ್ ನೋಡಲಿಕ್ಕೆ. ಸೋಲುವ ಆಟವನ್ನು ಕೊನೆಯ ಎರಡು ನಿಮಿಷದಲ್ಲಿ ಎತ್ತಿಕೊಂಡು ಬರುತ್ತಿದ್ದ. ಅಂಥವನು ಬೆಳಗಾವಿಯ ತಂಡ ಸೇರಿ, ಈ ಸಲದ ಜಾತ್ರೆಯಲ್ಲಿ ನಿಮ್ಮ ಎದುರೇ ಅಂಕಣಕ್ಕೆ ಇಳಿದ. ಎರಡು ಪಾಯಿಂಟಿನಿಂದ ನೀವು ಸೋತಿರಿ. ಹೊಟ್ಟೆ ಉರಿಯುವುದು ಸಹಜ. ಊರನ್ನು ಪ್ರೀತಿಸದವನಿಗೆ ಇಂಥ ಸಿಟ್ಟು ಬರುವುದೇ ಇಲ್ಲ.

ಆದರೆ ಆ ಸಿಟ್ಟಿನಲ್ಲಿ ನೀವು ಒಂದು ಪ್ರಶ್ನೆಯನ್ನು ಮರೆತಿರಿ. ಅವನು ಯಾಕೆ ಹೋದ?

ನೀನು ಕ್ರಿಕೆಟ್ ಬಲ್ಲವ, ಕರುಣ್ ನಾಯರ್ ಕಥೆಯಿಂದಲೇ ಸುರು ಮಾಡುತ್ತೇನೆ. ಹುಟ್ಟಿದ್ದು ಜೋಧಪುರದಲ್ಲಾದರೂ ಬೆಳೆದದ್ದು, ಬ್ಯಾಟು ಹಿಡಿದದ್ದು ಬೆಂಗಳೂರಿನಲ್ಲಿ. ಕರ್ನಾಟಕ 2013-14 ಮತ್ತು 2014-15ರಲ್ಲಿ ಸಾಲಾಗಿ ಎರಡು ವರ್ಷ ರಣಜಿ ಗೆದ್ದಿತಲ್ಲ, ಎರಡನೆಯ ಸಲದ ಫೈನಲ್‌ನಲ್ಲಿ ಮುಂಬೈಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ಎದುರು ಈ ಹುಡುಗ 328 ಹೊಡೆದ. ರಣಜಿ ಫೈನಲ್‌ನಲ್ಲಿ ಗುಲ್ ಮಹಮ್ಮದ್ ಮಾಡಿದ್ದ 319ರ ದಾಖಲೆ 1947ರಿಂದ ಹಾಗೇ ಉಳಿದಿತ್ತು, ಅದನ್ನು ಮುರಿದ. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303. ಸೆಹ್ವಾಗ್ ಬಿಟ್ಟರೆ ಭಾರತದವರಲ್ಲಿ ಟೆಸ್ಟ್ ತ್ರಿಶತಕ ಹೊಡೆದವನು ಇವನೊಬ್ಬನೇ. ಅವತ್ತು ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಗುರುತು ಪರಿಚಯವಿಲ್ಲದವರೂ ಒಬ್ಬರಿಗೊಬ್ಬರು ಚಹಾ ಕುಡಿಸಿದ್ದನ್ನು ನಾನು ನೋಡಿದ್ದೇನೆ.

ಅದರ ಮುಂದಿನ ಟೆಸ್ಟ್‌ಗೇ ಹನ್ನೊಂದರಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಕೆಲ ವರ್ಷ ಕಳೆದ ಮೇಲೆ ಕರ್ನಾಟಕ ತಂಡದಿಂದಲೂ ಹೊರಗುಳಿದ. 2022ರ ಡಿಸೆಂಬರ್‌ನಲ್ಲಿ, ನನಗೆ ಇನ್ನೊಂದು ಅವಕಾಶ ಕೊಡು ಎಂದು ಕ್ರಿಕೆಟ್ಟನ್ನೇ ಬೇಡಿಕೊಂಡು ಒಂದು ಸಾಲು ಬರೆದ. ಓದಿದವರೆಲ್ಲ ಮರುಗಿದರು. ಮರುಗಿದರೆ ಆಡಲು ಜಾಗ ಸಿಗುತ್ತದೆಯೇ? ಜಾಗ ಕೊಟ್ಟಿದ್ದು ವಿದರ್ಭ. 2023ರಲ್ಲಿ ನಾಗಪುರಕ್ಕೆ ಹೋದ. ಆಗ ನಮ್ಮವರಲ್ಲಿ ಕೆಲವರು, ಬಿಟ್ಟು ಹೋದ ಅಂದರು. ಆ ಮಾತು ಕೇಳಿದಾಗ ನನಗೆ ಸಂಕಟವಾಯಿತು. ಮೂವತ್ತು ದಾಟಿದ ಆಟಗಾರನಿಗೆ ಒಂದೊಂದು ಹಂಗಾಮೂ ಬಂಗಾರ. ಮಳೆಯಾಗದ ಸೀಮೆಯಲ್ಲಿ ಬೀಜ ಚೀಲದಲ್ಲೇ ಇಟ್ಟುಕೊಂಡು ಕೂತರೆ ಹುಳ ತಿನ್ನುತ್ತದೆ. ಬಿತ್ತುವವನು ಹದವಿರುವ ಹೊಲ ನೋಡಿಕೊಂಡು ಹೋಗಲೇಬೇಕು.

ಮುಂದೆ ನಡೆದದ್ದು ನಿನಗೆ ಗೊತ್ತು. 2024-25ರ ವಿಜಯ್ ಹಜಾರೆಯಲ್ಲಿ ಐದು ಶತಕ, ಒಟ್ಟು 779 ರನ್, ಅದರಲ್ಲಿ ಔಟಾಗದೆ ಸತತವಾಗಿ 542. ವಿದರ್ಭದ ನಾಯಕನಾಗಿ ವಡೋದರಾದಲ್ಲಿ ಫೈನಲ್‌ಗೆ ಬಂದ. ಎದುರಿಗೆ ಯಾರು? ಕರ್ನಾಟಕ! ಅವತ್ತು ನಾನು ಟಿವಿ ಮುಂದೆ ಕೂತು ಎರಡು ಮನಸ್ಸಿನವನಾಗಿದ್ದೆ. ನಮ್ಮ ತಂಡ ಗೆಲ್ಲಬೇಕು, ಅವನು ಶತಕ ಹೊಡೆಯಬೇಕು. ಎರಡನ್ನೂ ಬೇಡಿಕೊಂಡೆ, ಯಾವುದೂ ಸುಳ್ಳು ಬೇಡಿಕೆಯಲ್ಲ. ನಮ್ಮ ಪ್ರಸಿದ್ಧ್ ಕೃಷ್ಣ ಅವನನ್ನು 27ಕ್ಕೆ ಬೌಲ್ಡ್ ಮಾಡಿದ. ಕರ್ನಾಟಕ 36 ರನ್ನಿನಿಂದ ಗೆದ್ದಿತು. ಮರುತಿಂಗಳೇ ರಣಜಿ ಫೈನಲ್‌ನಲ್ಲಿ ಕೇರಳದ ಎದುರು 86 ಮತ್ತು 135 ಹೊಡೆದು ವಿದರ್ಭಕ್ಕೆ ಕಪ್ ತಂದುಕೊಟ್ಟ. ಎಂಟು ವರ್ಷ ಬಿಟ್ಟು, 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಭಾರತದ ಟೆಸ್ಟ್ ಟೊಪ್ಪಿಗೆ ಹಾಕಿದ.

ವಡೋದರಾದ ಆ ಫೈನಲ್‌ನಲ್ಲಿ ಕರ್ನಾಟಕಕ್ಕೆ 101 ಹೊಡೆದವನು ಯಾರು, ನೆನಪಿದೆಯೇ? ಸ್ಮರಣ್ ರವಿಚಂದ್ರನ್, ಇಪ್ಪತ್ತೊಂದರ ಹುಡುಗ. ದೊಡ್ಡ ಮರ ಸರಿದ ಜಾಗದಲ್ಲಿ ಬಿಸಿಲು ಬಿದ್ದು ಎದ್ದ ಸಸಿ. ಹೋದವನನ್ನು ಬೈಯುವುದರಲ್ಲೇ ಹಂಗಾಮು ಕಳೆದಿದ್ದರೆ ಇವನಿಗೆ ಚಪ್ಪಾಳೆ ತಟ್ಟುವವರು ಯಾರು? ನಿಮ್ಮ ತಂಡದಲ್ಲಿ ಈಗ ಎಸ್ಸೆಸ್ಸೆಲ್ಸಿ ಓದುವ ಒಬ್ಬ ಹುಡುಗ ರೇಡ್ ಹೋಗುತ್ತಿದ್ದಾನಲ್ಲ, ಅವನ ಮುಖವನ್ನು ಒಮ್ಮೆ ನೋಡು. ಪ್ರತಿ ರೇಡ್ ಮುಗಿದ ಮೇಲೂ ನಿಮ್ಮ ಕಡೆ ತಿರುಗುತ್ತಾನೆ. ನೀವು "ಅಂವ ಇದ್ದಿದ್ರ" ಅನ್ನುತ್ತೀರಿ. ಆ ಕೂಸಿನ ಕಾಲಲ್ಲಿ ಬಲ ಹೇಗೆ ಬಂದೀತು?

ಇನ್ನೊಂದು ಸೋಲು ನನ್ನನ್ನು ಬಹಳ ದಿನ ಕಾಡಿತು. 2017ರ ಡಿಸೆಂಬರ್, ಕೋಲ್ಕತ್ತದಲ್ಲಿ ರಣಜಿ ಸೆಮಿಫೈನಲ್. ಆಗ ಕರುಣ್ ನಮ್ಮವನೇ, ವಿದರ್ಭದ ಎದುರು 153 ಹೊಡೆದ. ಆದರೆ ವಿದರ್ಭದ ಎರಡನೇ ಇನಿಂಗ್ಸ್‌ನಲ್ಲಿ ಗಟ್ಟಿಯಾಗಿ ನಿಂತು 81 ಮಾಡಿದವನು ಗಣೇಶ್ ಸತೀಶ್. ದಾವಣಗೆರೆಯಲ್ಲಿ ಹುಟ್ಟಿದವನು, ಮೊದಲು ಕರ್ನಾಟಕಕ್ಕೇ ಆಡಿದವನು. ನಾವು ಸೋತದ್ದು ಬರೀ 5 ರನ್ನಿನಿಂದ. ಬೌಲಿಂಗ್‌ನಲ್ಲಿ ನಮ್ಮನ್ನು ಕೆಡವಿದ್ದು ವಿದರ್ಭದ ಗುರ್ಬಾನಿ, ಆದರೂ ನಮ್ಮ ಮಂದಿ ಬೈದದ್ದು ಸತೀಶನನ್ನೇ. ಒಂದು ರಾಜ್ಯದ ತಂಡದಲ್ಲಿ ಹೊರಗಿನ ಮೂವರು ಆಡಬಹುದು ಎಂಬುದು ಕ್ರಿಕೆಟ್ ಮಂಡಳಿಯೇ ಮಾಡಿದ ನಿಯಮ. ಹೋಗುವವನು ತನ್ನ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡೇ ಹೋಗಬೇಕು. ಅಂದರೆ ಮನೆಯವರು ಹೂಂ ಅಂದ ಮೇಲೇ ಅವನು ಹೊಸ್ತಿಲು ದಾಟಿದ್ದು. ಕದ್ದು ಓಡಿಹೋದವನಿಗೂ ಹೇಳಿ ಹೋದವನಿಗೂ ಒಂದೇ ಹೆಸರಿಟ್ಟು ಕರೆಯಬಾರದು.

ದೂರದ ಅಮೆರಿಕದಲ್ಲಿ ನೀವು ಮಾಡಹೊರಟದ್ದನ್ನೇ ಮಾಡಿದರು. ಲೆಬ್ರಾನ್ ಜೇಮ್ಸ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ ಒಹಾಯೊ ಸೀಮೆಯ ಆಕ್ರನ್ ಊರಿನವ, ಹತ್ತಿರದ ಕ್ಲೀವ್‌ಲ್ಯಾಂಡ್ ತಂಡದ ಕಣ್ಮಣಿ. 2010ರಲ್ಲಿ ಮಯಾಮಿ ತಂಡಕ್ಕೆ ಹೋದಾಗ ಜನ ಬೀದಿಯಲ್ಲಿ ಅವನ ಅಂಗಿ ಸುಟ್ಟರು. ನಾಲ್ಕು ವರ್ಷ ಬಿಟ್ಟು ಅವನೇ ಮರಳಿ ಬಂದ. 2016ರಲ್ಲಿ ಆ ಊರಿಗೆ ಚಾಂಪಿಯನ್ ಪಟ್ಟ ತಂದ. ಯಾವ ಆಟದಲ್ಲೂ ದೊಡ್ಡ ಪಟ್ಟ ಕಾಣದೆ ಆ ಊರು ಐವತ್ತೆರಡು ವರ್ಷ ಕಾದಿತ್ತು. ಅಂಗಿ ಸುಟ್ಟವರು ಅವತ್ತು ಮೆರವಣಿಗೆಯಲ್ಲಿ ಯಾವ ಅಂಗಿ ಹಾಕಿಕೊಂಡು ನಿಂತರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಎಲ್ಲ ಊರಿಗೂ ಇಂಥ ಎರಡನೆಯ ಅವಕಾಶ ಸಿಗುವುದಿಲ್ಲ, ತಮ್ಮಾ. ನಮ್ಮ ಊರಿಗೆ ಸಿಗಲಿಲ್ಲ. ಈ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ನನಗೆ ಆಗ ಹದಿನಾಲ್ಕು ವರ್ಷ. ಊರ ಮಾನವೆಲ್ಲ ಗರಡಿಮನೆಯಲ್ಲಿದ್ದ ಕಾಲ. ನಮ್ಮ ಓಣಿಯಲ್ಲಿ ಒಬ್ಬ ಪೈಲ್ವಾನ ಇದ್ದ. ನಸುಕಿನಲ್ಲಿ ಅವನು ಬೈಠಕ್ ಹೊಡೆಯುವ ಸಪ್ಪಳಕ್ಕೆ ನಮಗೆ ಎಚ್ಚರವಾಗುತ್ತಿತ್ತು. ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣು ಬೆರೆಸಿ ಹದ ಮಾಡುವಾಗ ನಾನು ಕೊಡ ಹೊರುತ್ತಿದ್ದೆ. ಅವನು ಒಂದು ದಿನ ಕೊಲ್ಹಾಪುರದ ತಾಲೀಮಿಗೆ ಹೋದ. ಶಾಹು ಮಹಾರಾಜರ ಕಾಲದಿಂದ ಕುಸ್ತಿಗೆ ಹೆಸರಾದ ಊರದು. ನಮ್ಮ ಕಡೆಯಿಂದ ಎಷ್ಟೋ ಹುಡುಗರು ಜೋಳದ ಹಿಟ್ಟಿನ ಚೀಲ ಹೊತ್ತು ಅಲ್ಲಿಗೆ ಹೋಗುತ್ತಿದ್ದರು. ಎರಡು ವರ್ಷವಾದ ಮೇಲೆ ಜಾತ್ರೆಯ ಜಂಗೀ ಕುಸ್ತಿಗೆ ಬಂದ, ಕೊಲ್ಹಾಪುರದ ಪೈಲ್ವಾನನಾಗಿ. ನಮ್ಮ ಗರಡಿಯ ಹುಡುಗನ ಜೋಡಿಯೇ ಹಚ್ಚಿದರು. ಹಲಗಿ ಮೊಳಗುತ್ತಿದ್ದವು. ಹತ್ತು ನಿಮಿಷದೊಳಗೆ ನಮ್ಮವನನ್ನು ಚಿತ್ ಮಾಡಿದ. ಹಲಗಿ ನಿಂತವು. ಗೆದ್ದವನು ಕಣದ ಮಣ್ಣು ಹಣೆಗೆ ಹಚ್ಚಿಕೊಳ್ಳಲು ಬಾಗಿದಾಗ ನಾನು ಒಂದು ಹೆಂಟೆ ಎತ್ತಿ ಎಸೆದೆ. ಬೆನ್ನಿಗೆ ಬಿತ್ತು. ಹೊರಳಿ ನೋಡಿದ. ನನ್ನನ್ನು ಗುರುತಿಸಿದ.

ಅವತ್ತು ರಾತ್ರಿ ಅವನು ನಮ್ಮ ಮನೆಗೆ ಬಂದ. ಅಪ್ಪನ ಕಾಲು ಮುಟ್ಟಿದ. ಅವ್ವ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ನೀಡಿದಳು. ನಾನು ಮುಖ ತಿರುಗಿಸಿ ಪಡಸಾಲೆಯ ಕಂಬಕ್ಕೆ ಆತು ಕೂತೆ. ಅವನು ನನ್ನನ್ನು ಕರೆದು, "ತಮ್ಮಾ, ಸಾಮು ಊರು ಕಲಿಸಿತು. ಖುರಾಕು ಎಲ್ಲಿಂದ ತರ್ಲಿ? ಎರಡೆಕರೆ ಹೊಲದಾಗ ದಿನಾ ಹಾಲು, ತುಪ್ಪ, ಬದಾಮಿ ಬೆಳೀತಾವೇನು?" ಅಂದ. ಅಪ್ಪ ನೆಲ ನೋಡಿದರು. ಅವನ ಖುರಾಕಿಗೆಂದು ಹಿರಿಯರು ಪಟ್ಟಿ ಹಾಕಿ, ಎರಡೇ ತಿಂಗಳಿಗೆ ಕೈಬಿಟ್ಟಿದ್ದರು ಎಂಬುದು ನನಗೆ ತಿಳಿದದ್ದು ಅವತ್ತು. ಅವನು ಅದನ್ನು ಯಾರ ಮುಂದೂ ಆಡಿರಲಿಲ್ಲ. ಊರ ಮರ್ಯಾದೆ ಕಾಯ್ದವನು ಅವನು, ಬೆನ್ನಿಗೆ ಹೆಂಟೆ ಎಸೆದವನು ನಾನು.

ಆಮೇಲೆ ಅವನು ನಮ್ಮ ಜಾತ್ರೆಗೆ ಬರಲಿಲ್ಲ. ವಯಸ್ಸಾದ ಮೇಲೆ ಬೇರೊಂದು ಊರಿನವರು ಕರೆದು ಉಸ್ತಾದನ ಪಟ್ಟ ಕೊಟ್ಟರು. ನಮ್ಮ ಹುಡುಗರಿಗೆ ಸಿಗಬೇಕಿದ್ದ ಪಟ್ಟುಗಳನ್ನೆಲ್ಲ ಅಲ್ಲಿನ ಹುಡುಗರು ಕಲಿತರು. ನಮ್ಮ ಗರಡಿಗೆ ಬೀಗ ಬಿತ್ತು.

ಈಗ ನಿನ್ನ ಗೆಳೆಯನ ವಿಚಾರ ಕೇಳು. 2014ರಲ್ಲಿ ಪ್ರೊ ಕಬಡ್ಡಿ ಸುರುವಾದ ಮೇಲೆ ಈ ಆಟದಲ್ಲಿ ಅನ್ನ ಇದೆ ಎಂದು ಹಳ್ಳಿ ಹುಡುಗರಿಗೆ ಗೊತ್ತಾಯಿತು. ಆದರೆ ಆ ಆಟ ನಡೆಯುವುದು ಮ್ಯಾಟ್ ಮೇಲೆ, ಬೂಟು ಹಾಕಿಕೊಂಡು. ಬರಿಗಾಲಲ್ಲಿ ಮಣ್ಣಿನ ಮೇಲೆ ಜಾರಿ ತಿರುಗುವ ಹುಡುಗ ಮ್ಯಾಟಿಗೆ ಇಳಿದರೆ ಮೊದಲು ಮೊಣಕಾಲು ಹಿಡಿಯುತ್ತದೆ. ಆಯ್ಕೆಗೆ ನಿಲ್ಲಬೇಕಾದರೆ ದಿನಾ ಮ್ಯಾಟ್ ಮೇಲೆ ಆಡಿ ರೂಢಿ ಬೇಕು. ನಮ್ಮಲ್ಲಿ ಮ್ಯಾಟ್ ಎಲ್ಲಿದೆ? ಹೋದ ವರ್ಷ ಅವನ ಮೊಣಕಾಲು ಬಾತಾಗ ಒಂದೂವರೆ ತಿಂಗಳು ಮನೆಯಲ್ಲಿ ಬಿದ್ದಿದ್ದ. ಅವನ ಅವ್ವ ಕಿವಿಯ ಬೆಂಡೋಲೆ ಒತ್ತೆ ಇಟ್ಟಳು. ತಂಡದ ಕಪ್ಪುಗಳು ನಿನ್ನ ಮನೆಯ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ನೀವು ಎಷ್ಟು ಜನ ಹೋಗಿ ಮಾತಾಡಿಸಿದಿರಿ? ನಾನೂ ಒಂದೇ ಸಲ ಹೋದವನು, ಆ ತಪ್ಪು ನನ್ನ ಮೇಲೂ ಇದೆ.

ಅವನ ತಪ್ಪು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೋಗುವ ಮೊದಲು ನಿನ್ನ ಮನೆಗೆ ಬಂದು, "ಹಿಂಗ ಹೊಂಟೀನೋ" ಅನ್ನಬೇಕಿತ್ತು. ಮೂರನೆಯವರ ಬಾಯಿಂದ ಕೇಳುವ ಹಾಗೆ ಮಾಡಿದ್ದು ನಿನ್ನ ಎದೆಗೆ ಚುಚ್ಚಿದೆ. ಅದನ್ನು ಅವನಿಗೂ ನಾನು ಹೇಳುತ್ತೇನೆ, ಮುಲಾಜಿಲ್ಲದೆ ಹೇಳುತ್ತೇನೆ. ಆದರೆ ಅವನು ನಾಚಿಕೆಯಿಂದ ಹೇಳದೆ ಹೋಗಿರಬಹುದು ಎಂಬುದನ್ನೂ ನೀನು ಯೋಚಿಸು.

ಹೋದವನು ಊರನ್ನು ಮರೆತ ಅನ್ನಬೇಡ. ನಮ್ಮ ಕೆ.ಎಲ್. ರಾಹುಲ್ 2025ರ ಏಪ್ರಿಲ್‌ನಲ್ಲಿ ಡೆಲ್ಲಿ ತಂಡದ ಅಂಗಿ ಹಾಕಿಕೊಂಡು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಯ ಎದುರು ಔಟಾಗದೆ 93 ಹೊಡೆದು ಆಟ ಮುಗಿಸಿದ. ಮುಗಿಸಿದವನೇ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ನಡುವೆ ಬ್ಯಾಟು ಊರಿದ. 'ಕಾಂತಾರ' ಚಿತ್ರ ನೋಡಿ ಹೊಳೆದದ್ದು ಎಂದು ಆಮೇಲೆ ಹೇಳಿದ. ನಿನಗೆ ಅವತ್ತು ಸಿಟ್ಟು ಬಂದಿತ್ತು. ನನಗೆ ಕಣ್ಣು ತುಂಬಿ ಬಂದವು. ಬೇರೆಯವರ ಅಂಗಿ ತೊಟ್ಟವನಿಗೂ ಇದು ನನ್ನ ನೆಲ ಅನ್ನಿಸುತ್ತದೆ. ಅನ್ನಿಸದಿದ್ದರೆ ಅಷ್ಟು ಆವೇಶ ಎಲ್ಲಿಂದ ಬರಬೇಕು? ಕರುಣ್ ಕೂಡ ತಿರುಗಿ ಬಂದನಲ್ಲ. 2025-26ರ ರಣಜಿಗೆ ಮತ್ತೆ ಕರ್ನಾಟಕದ ಪರ ನಿಂತು, ಶಿವಮೊಗ್ಗದಲ್ಲಿ ಗೋವಾ ಎದುರು ಔಟಾಗದೆ 174, ಮುಂದೆ ಕೇರಳದ ಎದುರು 233 ಹೊಡೆದ. ಆ ಕೇರಳದ ಆಟದಲ್ಲಿ ಅವನ ಜೋಡಿ ದ್ವಿಶತಕ ಹೊಡೆದವನು ಅದೇ ಸ್ಮರಣ್. ಬಾಗಿಲು ತೆರೆದಿಟ್ಟದ್ದಕ್ಕೆ ಹೋದವನೂ ಬಂದವನೂ ಒಂದೇ ಅಂಕಣದಲ್ಲಿ ನಿಂತರು.

ನಮ್ಮ ಸೀಮೆಯಲ್ಲಿ ಮಗಳನ್ನು ಕೊಟ್ಟು ಕಳಿಸುತ್ತೇವೆ. ಅವಳು ಕೊಟ್ಟ ಮನೆಯ ಹೊಲದಲ್ಲಿ ದುಡಿಯುತ್ತಾಳೆ, ಆ ಮನೆಯ ಹೆಸರು ಹೇಳುತ್ತಾಳೆ. ಆದರೂ ಪಂಚಮಿಗೆ ಅಣ್ಣ ಹೋಗಿ ಕರೆದುಕೊಂಡು ಬರುತ್ತಾನೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ. ಕರೆಯಲು ಹೋಗುವುದು ಅಣ್ಣನ ಪಾಲಿನ ಕೆಲಸ. ನೀನು ಅವನಿಗಿಂತ ಎರಡು ವರ್ಷ ದೊಡ್ಡವನು.

ಅವನು ಹೋಳಿಗೆ ಊರಿಗೆ ಬರುತ್ತಾನಂತೆ. ಓಕುಳಿಯ ದಿನ ಮೊದಲ ಬಣ್ಣ ನೀನು ಹಾಕು. ಊಟವಾದ ಮೇಲೆ ಶಾಲೆಯ ಹಿಂದಿನ ಅಂಕಣಕ್ಕೆ ಕರೆದುಕೊಂಡು ಹೋಗು, ಮ್ಯಾಟ್ ಮೇಲೆ ಕಾಲು ಹೇಗೆ ಊರಬೇಕು ಎಂದು ಆ ಎಸ್ಸೆಸ್ಸೆಲ್ಸಿ ಹುಡುಗನಿಗೆ ತೋರಿಸು ಅನ್ನು. ಬೆಂಡೋಲೆ ಬಿಡಿಸುವ ಮಾತು ನಾವು ನಾಲ್ಕು ಹಿರಿಯರು ಆಡಿದ್ದೇವೆ, ತಂಡದ ಬಹುಮಾನದ ದುಡ್ಡಿನಲ್ಲಿ ನಿಮ್ಮ ಪಾಲೂ ಇರಲಿ. ಆ ಏಳು ನಂಬರಿನ ಅಂಗಿ ನಿನ್ನ ಹತ್ತಿರವೇ ಇದೆ ಎಂದು ಕೇಳಿದೆ. ಇವತ್ತು ರಾತ್ರಿಯೊಳಗೆ ಅದನ್ನು ಅವನ ಅವ್ವನ ಕೈಗೆ ಕೊಟ್ಟು ಬಾ. ಒಬ್ಬನೇ ಹೋಗಲು ಮುಜುಗರವಾದರೆ ನಾನು ಜೊತೆಗೆ ಬರುತ್ತೇನೆ, ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.