ಅಕ್ಷರ ತಲೆಗೆ ಹತ್ತದ ಮಗು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಇಳಿಯುವ ದಾರಿಯಲ್ಲಿ, ಕಾಡು ಬೆಟ್ಟಗಳ ನಡುವಣ ನಾಟ್ರಾಂಪಾಳ್ಯದಂತಹ ಗ್ರಾಮದಲ್ಲಿ ಜನಿಸಿದ ಕನ್ನಡದ ಕೂಸು, ಮನೆಯಲ್ಲಿ ಅವ್ವನೊಡನೆ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ನಿರಾಯಾಸವಾಗಿ ಆಡುತ್ತ ಬೆಳೆದು, ಶಾಲೆಯ ಹೊಸಿಲು ದಾಟಿದೊಡನೆ ಕನ್ನಡ, ತಮಿಳು, ಇಂಗ್ಲಿಷುಗಳೆಂಬ ಮೂರು ಲಿಪಿಗಳಿಗೆ ಮುಖಾಮುಖಿಯಾಗಿ ನಿಲ್ಲಬೇಕಾಗುತ್ತದೆ; ಏಕೆಂದರೆ 2006ರ ತಮಿಳು ಕಲಿಕಾ ಕಾಯಿದೆಯ ತರುವಾಯ ಕನ್ನಡ ಮಾಧ್ಯಮದ ಮಕ್ಕಳಿಗೂ ತಮಿಳು ಕಲಿಕೆ ಕಡ್ಡಾಯವಾಯಿತು. ಆದುದರಿಂದ ಮಗು ಓದಲಾರದೆ ತಡವರಿಸಿದಾಗ ಮೇಷ್ಟ್ರು ಭಾಷೆಗಳ ಹೊರೆಯನ್ನೂ, ಅಪ್ಪ ಮಗುವಿನ ಸೋಮಾರಿತನವನ್ನೂ, ಅಜ್ಜಿ ಹಣೆಬರಹವನ್ನೂ ದೂರುವುದುಂಟು. ಈ ಮೂರೂ ಅಲ್ಲದ ನಾಲ್ಕನೆಯ ಕಾರಣವೊಂದು ಇರಬಹುದು. ಬುದ್ಧಿ ಚುರುಕಾಗಿದ್ದರೂ ಧ್ವನಿಗೂ ಅದರ ಲಿಖಿತ ಚಿಹ್ನೆಗೂ ಗಂಟುಹಾಕುವ ಮಿದುಳಿನ ಕಾರ್ಯದಲ್ಲಿ ಹುಟ್ಟಿನಿಂದಲೇ ಇರತಕ್ಕ, ಅನೇಕ ವೇಳೆ ವಂಶಪಾರಂಪರ್ಯವಾಗಿ ಬರತಕ್ಕ ತೊಡಕು ಅದು. ಅದಕ್ಕೆ ಈಗ ಸಲ್ಲುವ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲಿ ಪ್ರಯೋಗಿಸಿದನು.

ಮೊದಲು ಮಾಡತಕ್ಕ ಕೆಲಸ ಕಣ್ಣು ಕಿವಿಗಳ ಪರೀಕ್ಷೆ. ಹಲಗೆ ಕಾಣದ, ಮಾತು ಸರಿಯಾಗಿ ಕೇಳಿಸದ ಮಗುವಿಗೆ ಬೇರೊಂದು ಹೆಸರು ಹಚ್ಚಿ ವರ್ಷಗಳನ್ನು ಕಳೆದುಕೊಳ್ಳುವುದು ಬೇಡ.

ಆ ಬಳಿಕ ಎರಡು ಮೂರು ವಾರಗಳ ಕಾಲ, ಬೈಯದೆ, ಸುಮ್ಮನೆ ಗಮನಿಸಿ ಬರೆದಿಡಿ. ಮಾದಪ್ಪನ ಕಥೆಯನ್ನು ಅಡಿ ತಪ್ಪದೆ ಹೇಳಬಲ್ಲ, ಸಂತೆಯಲ್ಲಿ ಚಿಲ್ಲರೆಯನ್ನು ಬಾಯಲ್ಲೇ ಲೆಕ್ಕ ಹಾಕಬಲ್ಲ ಹುಡುಗ, ಅದೇ ಕಥೆಯ ನಾಲ್ಕು ಸಾಲನ್ನು ಪುಸ್ತಕದಲ್ಲಿ ಕಂಡಾಗ ಬೆವರುತ್ತಾನೆಯೇ? ‘ವ’ಕಾರ ‘ಪ’ಕಾರಗಳೂ, ‘ದ’ ‘ಧ’ ‘ಥ’ಗಳೂ ಇಂದು ತಿಳಿದು ನಾಳೆ ಅಳಿಸಿಹೋಗುತ್ತವೆಯೇ? ಒಂದನೆಯ ಸಾಲಿನಲ್ಲಿ ಓದಿದ ಪದವೇ ಮೂರನೆಯ ಸಾಲಿನಲ್ಲಿ ಹೊಸಬನಂತೆ ತೋರುತ್ತದೆಯೇ? ಇಲ್ಲೊಂದು ಎಚ್ಚರಿಕೆ ಅವಶ್ಯ. ನಮ್ಮ ಸೀಮೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ಮನೆಮಾತಿನ ಗುರುತೇ ಹೊರತು ನ್ಯೂನತೆಯಲ್ಲ. ಕ, ಖ, ಗ, ಘಗಳಿಗೆಲ್ಲ ತಮಿಳಿನಲ್ಲಿ ಒಂದೇ ಅಕ್ಷರವಿರುವುದರಿಂದ, ತಮಿಳನ್ನು ಮೊದಲು ಕಲಿತ ಮಗು ಕನ್ನಡದಲ್ಲಿ ಅವನ್ನು ಅದಲುಬದಲು ಮಾಡುವುದೂ ಸಹಜ. ತೊಡಕು ಒಂದೇ ಲಿಪಿಯಲ್ಲಿದ್ದರೆ ಅದು ಬಹುಶಃ ಅಭ್ಯಾಸದ ಕೊರತೆ. ಮಗುವಿಗೆ ಚೆನ್ನಾಗಿ ಆಡಲು ಬರುವ ಭಾಷೆಯೂ ಸೇರಿ ಎಲ್ಲ ಲಿಪಿಗಳಲ್ಲಿಯೂ ಕಂಡುಬಂದು, ಆರು ತಿಂಗಳ ಶ್ರದ್ಧೆಯ ಪಾಠಕ್ಕೂ ಕದಲದಿದ್ದರೆ ಮಾತ್ರ ಸಂದೇಹಕ್ಕೆ ಆಸ್ಪದವುಂಟು. ಆತುರವೂ ಸಲ್ಲದು, ಕನ್ನಡದ ಅಕ್ಷರಜ್ಞಾನವು ಒತ್ತು ಕಾಗುಣಿತಗಳ ಬಾಹುಳ್ಯದಿಂದ ನಾಲ್ಕನೆಯ ತರಗತಿಯವರೆಗೂ ನಿಧಾನವಾಗಿ ಕೂಡಿಬರುವುದೆಂದು ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಸಂದೇಹ ಉಳಿದರೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಸಮಗ್ರ ಶಿಕ್ಷಾ ಯೋಜನೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕೇಳಿಕೊಳ್ಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗಲೂ ಹೇಳಬಹುದು, ಅವರು ತಪಾಸಣೆ ಮಾಡುವ ತೊಂದರೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ವಿಧ್ಯುಕ್ತ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಉಂಟು, ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಉಂಟು. ಎಲ್ಲಿಗೆ ಹೋದರೂ ಪರೀಕ್ಷೆ ಕನ್ನಡದಲ್ಲಿ ನಡೆಯಲೆಂದು ಸಂಕೋಚವಿಲ್ಲದೆ ಕೇಳಿ. ಅರಿಯದ ಭಾಷೆಯಲ್ಲಿ ಅಳೆದ ಅಳತೆ ಸುಳ್ಳಾಗುವ ಸಂಭವ ಹೆಚ್ಚು.

ಮನೆಯ ಪಾಠವಾದರೋ ವೈದ್ಯರ ಚೀಟಿಗೆ ಕಾಯಬೇಕಾದುದಲ್ಲ. ಮೊರದಲ್ಲಿ ತೆಳ್ಳಗೆ ರಾಗಿ ಹಿಟ್ಟನ್ನು ಹರವಿ, ಮಗು ಅಕ್ಷರವನ್ನು ಬಾಯಲ್ಲಿ ಉಚ್ಚರಿಸುತ್ತ, ಬೆರಳಿನಿಂದ ತೀಡುತ್ತ, ಕಣ್ಣಿನಿಂದ ನೋಡುತ್ತ, ಮೂರು ಇಂದ್ರಿಯಗಳಿಂದ ಒಮ್ಮೆಗೇ ಕಲಿಯುವಂತೆ ಮಾಡಿ. ಕಾಗುಣಿತದ ಇಡೀ ಬಳ್ಳಿಯನ್ನು ಒಂದೇ ದಿನ ಹೇರದೆ, ಒಂದು ಸ್ವರಚಿಹ್ನೆಯನ್ನು ಹಿಡಿದು, ಕಾ, ಮಾ, ತಾ ಎಂದು ಐದಾರು ವ್ಯಂಜನಗಳ ಮೇಲೆ ಅದನ್ನೇ ಓಡಾಡಿಸಿ. ಹೋಲುವ ಎರಡು ಅಕ್ಷರಗಳನ್ನು ಜೊತೆಯಲ್ಲಿ ಕಲಿಸುವುದು ದೊಡ್ಡ ತಪ್ಪು. ‘ವ’ ದೃಢವಾದ ಮೇಲೆಯೇ ‘ಪ’ ಬರಲಿ. ಎಲ್ಲಕ್ಕಿಂತ ಕಾಡುವುದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ರೇಫವು ಬಾಯಲ್ಲಿ ಯಕಾರಕ್ಕಿಂತ ಮೊದಲು ಬರುತ್ತದೆ, ಕಾಗದದ ಮೇಲೆ ಅನಂತರ ಬರುತ್ತದೆ. ಪಾಪ, ಕಂಡ ಕ್ರಮದಲ್ಲಿಯೇ ಓದಿ ‘ಸೂಯರ್’ ಎನ್ನುವ ಮಗುವಿನ ತರ್ಕದಲ್ಲಿ ನನಗಂತೂ ದೋಷ ಕಾಣದು! ಇಂಥ ಪದಗಳಲ್ಲಿ ಕೆಲವು ಕಾಲ ‘ರ’ವನ್ನೇ ಮುಂದೆ ಬರೆದು ಅದರಡಿಗೆ ಯಕಾರದ ಒತ್ತನ್ನು ತೂಗುಹಾಕಿ ಕಲಿಸಿ, ಓದು ನೆಲೆಗೊಂಡ ಮೇಲೆ ರೂಢಿಯ ರೂಪವನ್ನು ಪರಿಚಯಿಸಬಹುದು. ದಿನಕ್ಕೆ ಹದಿನೈದು ನಿಮಿಷ ಸಾಕು. ಓದುಬಲ್ಲ ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕುಳಿತು, ಸಾಲಿನಡಿಯಲ್ಲಿ ಬೆರಳಾಡಿಸುತ್ತ ಮಗುವಿನೊಡನೆ ಒಟ್ಟಿಗೆ ಓದಲಿ. ತಪ್ಪಿಗೆ ನೂರು ಸಲ ಬರೆಸುವ ಶಿಕ್ಷೆಯಿಂದ ಕೈ ನೋಯುವುದೇ ವಿನಾ ಅಕ್ಷರ ನಿಲ್ಲದು. ಉಪಾಧ್ಯಾಯರು ಪಾಠವನ್ನು ಬಾಯಲ್ಲಿ ಒಪ್ಪಿಸಿಕೊಳ್ಳಲಿ. ತರಗತಿಯೆದುರು ಗಟ್ಟಿಯಾಗಿ ಓದಿಸಿ ನಗೆಪಾಟಲು ಮಾಡದಿರಲಿ.

ಇನ್ನು ಕಾಗದಪತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಅಂಗೀಕರಿಸಿದ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬಿದ ಮಗುವಿಗೆ ಪ್ರಮಾಣಪತ್ರ ದೊರೆತು, 14ರಲ್ಲಿಯೂ 18ರಲ್ಲಿಯೂ ಪುನಃ ಪರೀಕ್ಷೆ ನಡೆಯಬೇಕಿತ್ತು. ಈಗಿನ ನಿಯಮವನ್ನೂ ಅರ್ಜಿಯ ಕ್ರಮವನ್ನೂ ಕೃಷ್ಣಗಿರಿಯ ಜಿಲ್ಲಾ ವಿಕಲಚೇತನರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು, ಒಂದು ಗಂಟೆಯ ಅಧಿಕ ಅವಧಿ, ಒಂದು ಭಾಷೆಯ ವಿನಾಯಿತಿ ಮೊದಲಾದ ರಿಯಾಯಿತಿಗಳಿಗೆ ಈ ಪತ್ರವೇ ಆಧಾರ. ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿಯೇ ಅರ್ಜಿ ಹೋಗಬೇಕು.

ಆಸ್ಪತ್ರೆಯ ಪರೀಕ್ಷೆಗೆಂದು ಬಸ್ಸು ಹತ್ತುವಾಗ ಮಗುವಿನ ಹಳೆಯ ಕನ್ನಡ, ತಮಿಳು, ಇಂಗ್ಲಿಷ್ ನೋಟುಪುಸ್ತಕಗಳನ್ನು, ಕೆಂಪು ಗೀಟುಗಳಿಂದ ತುಂಬಿವೆಯೆಂದು ನಾಚಿ ಮನೆಯಲ್ಲಿ ಬಿಡದೆ, ಎಲ್ಲವನ್ನೂ ಚೀಲದಲ್ಲಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವವುಗಳಲ್ಲಿ ಅವೂ ಸೇರಿವೆ.