ಫೈರ್‌ವಾಲ್ ಇದ್ದ ಮೇಲೆ ಐಡಿಎಸ್ ಏಕೆ?

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಹನ್ನೆರಡು ಕಂಪ್ಯೂಟರ್‌ಗಳಿವೆ. ಫೈರ್‌ವಾಲ್, ಆಂಟಿವೈರಸ್ ಎರಡೂ ಇವೆ. ಐಡಿಎಸ್ (ಅತಿಕ್ರಮಣ ಪತ್ತೆ ವ್ಯವಸ್ಥೆ) ಕೂಡ ಹಾಕಿಸಿ ಎಂದು ನೆಟ್‌ವರ್ಕ್ ನೋಡಿಕೊಳ್ಳುವವರು ಹೇಳುತ್ತಿದ್ದಾರೆ. ಅದು ಹ್ಯಾಕರ್‌ಗಳನ್ನು ನಿಜಕ್ಕೂ ತಡೆಯುತ್ತದೆಯೇ?
– ಕಾರ್ಯದರ್ಶಿ, ಶಿರಸಿ

ಉತ್ತರ: ತಡೆಯುವುದಿಲ್ಲ ಸ್ವಾಮಿ, ಎಚ್ಚರಿಸುತ್ತದೆ. ಆದರೂ ಬೇಕು ಎನ್ನುತ್ತೇನೆ. ನಿಮ್ಮ ಗುಮಾಸ್ತರ ಪಾಸ್‌ವರ್ಡ್ ಕದ್ದು ಒಳಬಂದವನು ಫೈರ್‌ವಾಲ್‌ಗೆ ಗುಮಾಸ್ತರಂತೆಯೇ ಕಾಣುತ್ತಾನೆ. ಐಡಿಎಸ್ ಸ್ವಿಚ್ಚಿನಿಂದ ದತ್ತಾಂಶ ಸಂಚಾರದ ನಕಲು ಪಡೆದು ಒಳಗೆ ನಡೆಯುವುದನ್ನು ಗಮನಿಸುತ್ತದೆ. ಗೊತ್ತಿರುವ ದಾಳಿಗಳ ಗುರುತು ಹಿಡಿಯುವುದು ಒಂದು ವಿಧಾನ. 2017ರ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ 445ನೇ ಪೋರ್ಟ್ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಅಂಥದ್ದು ಇದರ ಕಣ್ಣಿಗೆ ಬೀಳುತ್ತದೆ. ಹೊಸ ದಾಳಿಗೆ ಇನ್ನೂ ಗುರುತು ಇರುವುದಿಲ್ಲ. ಅದಕ್ಕೆ ಕಂಪ್ಯೂಟರ್ ವಿಜ್ಞಾನಿ ಡೊರೊತಿ ಡೆನ್ನಿಂಗ್ 1987ರಲ್ಲಿ ಮಂಡಿಸಿದ ದಾರಿಯಿದೆ. ಮಾಮೂಲಿ ನಡವಳಿಕೆ ಏನೆಂದು ಕಲಿತು, ಅದು ತಪ್ಪಿದಾಗ ಸೂಚನೆ ಕೊಡುವುದು. ಠೇವಣಿ ಕೌಂಟರಿನ ಕಂಪ್ಯೂಟರ್ ನಡುರಾತ್ರಿ ಹೊರದೇಶದ ವಿಳಾಸಕ್ಕೆ ಫೈಲುಗಳನ್ನು ಕಳಿಸತೊಡಗಿದರೆ ನಿಮಗೆ ತಿಳಿಯಬೇಡವೇ? ಈಗ ಬಹುಪಾಲು ಸಂಚಾರ ಗೂಢಲಿಪಿಯಲ್ಲೇ ಇರುವುದರಿಂದ ಒಳಗೇನಿದೆ ಎಂಬುದು ಕಾಣದೇ ಹೋಗಬಹುದು. ಯಾರಿಗೆ, ಯಾವಾಗ, ಎಷ್ಟು ಹೋಯಿತು ಎಂಬುದಂತೂ ಕಾಣುತ್ತದೆ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಎಚ್ಚರಿಕೆ ಬಂದ ಮೇಲಿನ ಮಾತು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಜಾಲಕ್ಕೆ ಕಳ್ಳರು ನುಗ್ಗಿದ್ದು ಶೈತ್ಯೀಕರಣದ ಗುತ್ತಿಗೆದಾರರೊಬ್ಬರ ಪಾಸ್‌ವರ್ಡ್ ಕದ್ದು. ನವೆಂಬರ್ 30ರಂದು ಅಲ್ಲಿದ್ದ ಫೈರ್‌ಐ ಕಂಪನಿಯ ಭದ್ರತಾ ಉಪಕರಣ ಎಚ್ಚರಿಸಿತು. ಅದನ್ನು ಗಮನಿಸಿದ ಟಾರ್ಗೆಟ್‌ನ ಬೆಂಗಳೂರಿನ ತಂಡ ಮಿನಿಯಾಪೊಲಿಸ್‌ನ ಪ್ರಧಾನ ಕಚೇರಿಗೆ ತಿಳಿಸಿತು ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ವರದಿ ಮಾಡಿದೆ. ಅಲ್ಲಿ ಯಾರೂ ಕ್ರಮ ಕೈಗೊಳ್ಳಲಿಲ್ಲ. ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ನಮ್ಮ ಊರಿನವರು ಸರಿಯಾಗಿ ಮಾಡಿದ ಕೆಲಸ ಹಾಗೆ ವ್ಯರ್ಥವಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಸ್ನಾರ್ಟ್, ಸುರಿಕಾಟಾ ಎಂಬ ಐಡಿಎಸ್ ತಂತ್ರಾಂಶಗಳು ಉಚಿತ. ಖರ್ಚಾಗುವುದು ನೋಡಿಕೊಳ್ಳುವವರ ಸಮಯ. ಶುರುವಿನಲ್ಲಿ ಬ್ಯಾಕಪ್, ಪ್ರಿಂಟರ್‌ಗಳೂ ದಾಳಿಯಂತೆ ಕಂಡು ಸುಳ್ಳು ಸೂಚನೆಗಳು ತುಂಬಿಹೋಗುತ್ತವೆ. ಬೇಸತ್ತು ಆಫ್ ಮಾಡಬೇಡಿ, ನಿಯಮಗಳನ್ನು ಒಂದೊಂದಾಗಿ ಸರಿಪಡಿಸಿ.

ಪ್ರಶ್ನೆ: ಹಾಗಾದರೆ ತಾನೇ ತಡೆಯುವ ಐಪಿಎಸ್ (ಅತಿಕ್ರಮಣ ತಡೆ ವ್ಯವಸ್ಥೆ) ಹಾಕಬಾರದೇ?

ಉತ್ತರ: ಹಾಕಬಹುದು. ಅದು ಸಂಚಾರದ ದಾರಿಯಲ್ಲೇ ಕೂರುವುದರಿಂದ, ತಪ್ಪಾಗಿ ಗ್ರಹಿಸಿದರೆ ಕೌಂಟರಿನಲ್ಲಿ ಸದಸ್ಯರ ವಹಿವಾಟೇ ನಿಂತೀತು. ಮೊದಲು ಕೆಲವು ತಿಂಗಳು ಎಚ್ಚರಿಕೆಗಷ್ಟೇ ಬಿಡಿ. ಸೂಚನೆ ಯಾರ ಫೋನಿಗೆ ಬರಬೇಕು, ಅವರು ರಜೆಯಲ್ಲಿದ್ದರೆ ಯಾರಿಗೆ ಎಂಬುದನ್ನು ಇಂದೇ ಬರೆದಿಡಿ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು ಅದರ 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಅದರ ವಿಳಾಸವೂ ಆ ಹಾಳೆಯಲ್ಲಿರಲಿ.