ಊರ ಕೆಲಸಕ್ಕೆ ಬಂದ ಹಣ

ಊರಿನಲ್ಲಿ ಒಂದು ಸತ್ಕಾರ್ಯ ನಡೆಯಬೇಕೆಂದರೆ ಮೊದಲು ಏಳುವ ಪ್ರಶ್ನೆ, ಹಣ ಎಲ್ಲಿಂದ ಎಂಬುದು. ಬಂದ ಹಣ ಎಲ್ಲಿಗೆ ಹೋಯಿತು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಬಡ ಹೆಣ್ಣು ಮಕ್ಕಳಿಗೆ ಹೊಲಿಗೆ ತರಗತಿ, ಕಾಲೇಜು ಕಲಿಯುವವರಿಗೆ ಶುಲ್ಕ, ಕಬರಸ್ಥಾನದ ಆವರಣ ಗೋಡೆ, ಮದ್ರಸದ ಅಂಗಳದಲ್ಲೊಂದು ಕೊಳವೆಬಾವಿ ಇತ್ಯಾದಿಗಳಿಗೆ ಸರಕಾರದಿಂದ, ವಕ್ಫ್ ಮಂಡಳಿಯಿಂದ, ಟ್ರಸ್ಟ್‌ಗಳಿಂದ, ಜಮಾಅತಿನ ಬೈತುಲ್ ಮಾಲ್‌ನಿಂದ, ಗಲ್ಫ್‌ನಲ್ಲಿ ದುಡಿಯುವ ಸಹೋದರರಿಂದ ನೆರವು ಸಿಗುವುದುಂಟು. ಅನುದಾನವು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಈ ಒಂದೇ ಕಾರಣದಿಂದ ಅದನ್ನು ಪಡೆದವರು ಹಲವೊಮ್ಮೆ ಅದು ತಮ್ಮದೆಂದೇ ಭಾವಿಸಿಬಿಡುತ್ತಾರೆ. ಹಿಂದಿರುಗಿಸಬೇಕಾಗಿಲ್ಲದ ಹಣಕ್ಕೆ ಲೆಕ್ಕವೂ ಬೇಡವೆಂದು ಶರೀಅತ್ ಎಲ್ಲಿಯೂ ಹೇಳಿಲ್ಲ.

ಓದುಗರೇ, ಈ ವಿಷಯದಲ್ಲಿ ನಮಗೆ ಅತ್ಯುತ್ತಮ ಪಾಠ ಹಝ್ರತ್ ಉಮರ್(ರ)ರವರ ಖೈಬರಿನ ಭೂಮಿಯಲ್ಲಿದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಹಿಜರಿ 7ರಲ್ಲಿ ಖೈಬರ್ ಜಯವಾದ ಬಳಿಕ ಅವರಿಗೆ ಅಲ್ಲಿ ಒಂದು ತುಂಡು ಜಮೀನು ದೊರೆಯಿತು. ಅಷ್ಟು ಬೆಲೆಬಾಳುವ ಆಸ್ತಿ ಅವರ ಕೈಗೆ ಅದುವರೆಗೆ ಬಂದಿರಲಿಲ್ಲ. ಅವರು ಪ್ರವಾದಿವರ್ಯರ(ಸ) ಬಳಿಗೆ ಹೋಗಿ ಇದನ್ನೇನು ಮಾಡಲಿ ಎಂದು ಸಲಹೆ ಕೇಳಿದರು. ಇಷ್ಟವಿದ್ದರೆ ಮೂಲವನ್ನು ಹಾಗೆಯೇ ಇರಿಸಿ ಫಲವನ್ನು ದಾನ ಮಾಡಬಹುದೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಅದರಂತೆ ಉಮರ್(ರ) ಶರತ್ತುಗಳನ್ನು ಹಾಕಿದರು. ಆ ಭೂಮಿಯನ್ನು ಮಾರುವಂತಿಲ್ಲ, ಯಾರಿಗೂ ಉಡುಗೊರೆ ಕೊಡುವಂತಿಲ್ಲ, ಅದು ವಾರೀಸುದಾರರಿಗೆ ಹೋಗುವಂತಿಲ್ಲ. ಅದರ ಆದಾಯವು ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ಅಲ್ಲಾಹನ ಮಾರ್ಗಕ್ಕೆ, ಪ್ರಯಾಣಿಕರಿಗೆ ಮತ್ತು ಅತಿಥಿಗಳಿಗೆ ಸಲ್ಲಬೇಕು. ಅದನ್ನು ನೋಡಿಕೊಳ್ಳುವವನು ಮರ್ಯಾದೆಯ ಮಿತಿಯಲ್ಲಿ ಅದರಿಂದ ಉಣ್ಣಬಹುದು, ಗೆಳೆಯನಿಗೂ ಉಣಿಸಬಹುದು. ಆದರೆ ಅದರಿಂದ ತನಗಾಗಿ ಆಸ್ತಿ ಕೂಡಿಸಿಕೊಳ್ಳಬಾರದು.

ಈ ಕೊನೆಯ ಶರತ್ತನ್ನು ಸ್ವಲ್ಪ ನಿಂತು ಗಮನಿಸಿರಿ. ಊರ ಕೆಲಸಕ್ಕಾಗಿ ಓಡಾಡುವವನು ಬಸ್ಸಿನ ಖರ್ಚನ್ನೂ ತನ್ನ ಕಿಸೆಯಿಂದಲೇ ಕೊಡಬೇಕು, ಇಲ್ಲವಾದರೆ ಅವನ ಇಖ್ಲಾಸ್ ಸರಿಯಿಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಇದು ಉಮರ್(ರ)ರ ನಿಲುವಲ್ಲ. ದುಡಿಯುವವನ ಖರ್ಚು ನ್ಯಾಯವಾದದ್ದು. ಆದರೆ ಖರ್ಚಿಗೂ ಸಂಪಾದನೆಗೂ ನಡುವೆ ಅವರು ಒಂದು ಗೆರೆ ಎಳೆದರು. ಆ ಗೆರೆಯನ್ನು ಬಾಯಿ ಮಾತಿಗೆ ಬಿಡದೆ ಬರಹದಲ್ಲಿಟ್ಟರು. ಅಬೂದಾವೂದ್‌ನ ವರದಿಯ ಪ್ರಕಾರ ಆ ಪತ್ರವನ್ನು ಬರೆದವರು ಮುಐಖೀಬ್(ರ), ಸಾಕ್ಷಿಯಾದವರು ಅಬ್ದುಲ್ಲಾ ಬಿನ್ ಅರ್ಖಮ್(ರ). ತಮ್ಮ ಬಳಿಕ ಅದರ ಮೇಲ್ವಿಚಾರಣೆ ಮಗಳು ಹಫ್ಸಾ(ರ)ರವರಿಗೆ, ಅವರ ನಂತರ ಕುಟುಂಬದ ವಿವೇಕಿಗಳಿಗೆ ಎಂದೂ ಅದರಲ್ಲಿ ಬರೆಸಲಾಗಿತ್ತು. ಕಮಿಟಿಯ ಲೆಕ್ಕಪತ್ರ ಹೆಂಗಸರ ಕೈಗೆ ಹೋಗುವುದೇ ಎಂದು ಹುಬ್ಬೇರಿಸುವವರು ಇದನ್ನು ಮತ್ತೊಮ್ಮೆ ಓದಲಿ. ಉಮರ್(ರ)ರಂತಹ ವ್ಯಕ್ತಿಯ ಮಾತನ್ನು ಸಂಶಯಿಸುವವರು ಮದೀನದಲ್ಲಿ ಯಾರಿದ್ದರು? ಆದರೂ ಪತ್ರ ಬೇಕಾಯಿತು, ಸಾಕ್ಷಿ ಬೇಕಾಯಿತು. ಕುರ್‌ಆನಿನ ಅತಿ ದೀರ್ಘ ಸೂಕ್ತವು ಅಲ್‌ಬಕರ ಅಧ್ಯಾಯದ 282ನೆಯದು. ಸಾಲದ ವ್ಯವಹಾರವನ್ನು ಬರೆದಿಡಿರಿ, ಸಾಕ್ಷಿಗಳನ್ನು ನಿಲ್ಲಿಸಿರಿ ಎಂಬುದೇ ಅದರ ವಿಷಯ. ನಂಬಿಕೆಯಿದ್ದಲ್ಲಿ ಬರಹ ಬೇಡವೆನ್ನುವವರು ಈ ಸೂಕ್ತ ಯಾರಿಗಾಗಿ ಅವತೀರ್ಣವಾಯಿತೆಂದು ಆಲೋಚಿಸಬೇಕು.

ಇನ್ನೊಂದು ಘಟನೆಯೂ ಅಬೂದಾವೂದ್‌ನಲ್ಲಿದೆ. ಅದರ ಸನದಿನ ಬಗ್ಗೆ ಕೆಲವು ಮುಹದ್ದಿಸರು ಆಕ್ಷೇಪವೆತ್ತಿದ್ದಾರಾದರೂ ದಾನದ ಅಧ್ಯಾಯದಲ್ಲಿ ವಿದ್ವಾಂಸರು ಇದನ್ನು ಉದ್ಧರಿಸುತ್ತಾ ಬಂದಿದ್ದಾರೆ. ಒಬ್ಬ ಅನ್ಸಾರಿ ಸಹಾಯ ಯಾಚಿಸುತ್ತಾ ಬಂದರು. ಮನೆಯಲ್ಲಿ ಏನಿದೆಯೆಂದು ಪ್ರವಾದಿವರ್ಯರು(ಸ) ಮೊದಲು ವಿಚಾರಿಸಿದರು. ಇದ್ದುದು ಒಂದು ಕಂಬಳಿಯಂತಹ ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ. ಅವೆರಡನ್ನೂ ತರಿಸಿ ಸಭೆಯಲ್ಲಿ ಹರಾಜು ಹಾಕಿದಾಗ 2 ದಿರ್ಹಮ್ ಬಂತು. ಒಂದರಲ್ಲಿ ಮನೆಯವರಿಗೆ ಆಹಾರ, ಇನ್ನೊಂದರಲ್ಲಿ ಒಂದು ಕೊಡಲಿ. ಅದಕ್ಕೆ ಪ್ರವಾದಿವರ್ಯರು(ಸ) ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರುವಂತೆಯೂ 15 ದಿನ ತಮಗೆ ಮುಖ ತೋರಿಸದಿರುವಂತೆಯೂ ಹೇಳಿ ಕಳುಹಿಸಿದರು. ಆತ ಮರಳಿ ಬಂದಾಗ ಕೈಯಲ್ಲಿ 10 ದಿರ್ಹಮ್ ಸಂಪಾದನೆಯಿತ್ತು.

ಇಲ್ಲಿ ಎಷ್ಟು ಅಚ್ಚುಕಟ್ಟಿದೆ ನೋಡಿರಿ. ಕೊಡುವ ಮುನ್ನ ವಿಚಾರಣೆಯಿತ್ತು. ಕೇಳುವವನ ಪಾಲೂ ಅದರಲ್ಲಿ ಸೇರಿತ್ತು. ಅಂದಿನ ಹಸಿವಿಗೊಂದು, ನಾಳಿನ ದುಡಿಮೆಗೊಂದು ಎಂದು ಹಣ ಬೇರ್ಪಟ್ಟಿತ್ತು. ಮರಳಿ ಬಂದು ತಿಳಿಸುವ ದಿನವೂ ಗೊತ್ತಾಗಿತ್ತು. ನಮ್ಮ ಕೆಲವು ಕಡೆ 10 ಹೊಲಿಗೆ ಯಂತ್ರ ಹಂಚುವ ಸಮಾರಂಭ ಭರ್ಜರಿಯಾಗಿ ನಡೆಯುತ್ತದೆ, ಫೋಟೋ ತೆಗೆಯಲಾಗುತ್ತದೆ. ಆರು ತಿಂಗಳ ನಂತರ ಅವುಗಳಲ್ಲಿ ಎಷ್ಟು ಓಡುತ್ತಿವೆ, ಎಷ್ಟು ಅಟ್ಟ ಸೇರಿವೆ ಎಂದು ನೋಡಲು ಹೋಗುವವರಿಲ್ಲ. ಕೊಡಲಿಗೆ ಹಿಡಿ ಹಾಕಿಕೊಟ್ಟವರ ಉಮ್ಮತ್ತಿಗೆ ಇದು ತಕ್ಕುದಲ್ಲ.

ಹಣ ಬೇಕೆಂದು ಅರ್ಜಿ ಬರೆಯುವ ಯುವಕರಿಗೆ ಒಂದು ಮಾತು. ನಿಮ್ಮ ಅರ್ಜಿಯೂ ಒಂದು ಸಾಕ್ಷ್ಯವೇ. 30 ಮಕ್ಕಳಿರುವಲ್ಲಿ 60 ಎಂದು ಬರೆದರೆ ಸತ್ಕಾರ್ಯಕ್ಕಾಗಿ ಹೇಳಿದ ಸುಳ್ಳೆಂದು ಅದು ಹಲಾಲಾಗುವುದಿಲ್ಲ. ಸಿಮೆಂಟಿನ ಅಂಗಡಿಯವನಿಂದ ಹೆಚ್ಚಿನ ಮೊತ್ತದ ಬಿಲ್ಲು ಬರೆಸಿಕೊಂಡು ಉಳಿದದ್ದನ್ನು ಮದ್ರಸಕ್ಕೇ ಹಾಕುತ್ತೇವೆ ಎನ್ನುವುದೂ ಹಾಗೆಯೇ. ಬನೂ ಸುಲೈಮ್ ಗೋತ್ರದ ಸದಕ ವಸೂಲಿಗೆ ಹೋಗಿದ್ದ ಇಬ್ನುಲ್ಲುತ್ಬಿಯ್ಯ ಎಂಬವರು ಮರಳಿ ಬಂದು, ಇಷ್ಟು ನಿಮಗೆ, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಪಾಲು ಮಾಡಿದಾಗ ಪ್ರವಾದಿವರ್ಯರು(ಸ) ಅದನ್ನು ಖಾಸಗಿಯಾಗಿ ಮುಗಿಸಲಿಲ್ಲ. ಮಿಂಬರ್ ಏರಿ, ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಎಲ್ಲರ ಮುಂದೆ ಪ್ರಶ್ನಿಸಿದರು. ಗುತ್ತಿಗೆದಾರನು ಕಮಿಟಿಯ ಸದಸ್ಯನ ಮನೆಗೆ ಕಳುಹಿಸುವ ಈದ್ ಉಡುಗೊರೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

ಝಕಾತನ್ನು ಇತರ ಹಣದೊಂದಿಗೆ ಬೆರೆಸುವುದು ಇನ್ನೊಂದು ಅನಾಹುತ. ಅತ್ತೌಬಾ ಅಧ್ಯಾಯದ 60ನೆಯ ಸೂಕ್ತವು ಝಕಾತಿಗೆ ಎಂಟು ವಿಭಾಗದ ಹಕ್ಕುದಾರರನ್ನು ಹೆಸರಿಸಿದೆ. ಝಕಾತಿನಿಂದ ಗೋಡೆ ಕಟ್ಟಿಸುವಂತಿಲ್ಲ, ಬಾವಿ ತೋಡಿಸುವಂತಿಲ್ಲ ಎಂಬುದೇ ಕರಾವಳಿಯ ಶಾಫಿಈಗಳೂ ಘಟ್ಟದ ಮೇಲಿನ ಹನಫಿಗಳೂ ಅನುಸರಿಸುವ ಪ್ರಬಲ ಅಭಿಪ್ರಾಯ. 'ಅಲ್ಲಾಹನ ಮಾರ್ಗ' ಎಂಬುದಕ್ಕೆ ವಿಶಾಲವಾದ ಅರ್ಥ ಕೊಟ್ಟ ಆಧುನಿಕ ವಿದ್ವಾಂಸರಿದ್ದಾರೆ, ನಿಜ. ಅದನ್ನು ನಿಮ್ಮ ಊರಿನ ಆಲಿಮರು ತೀರ್ಮಾನಿಸಲಿ, ಕೋಶಾಧಿಕಾರಿಯ ಅನುಕೂಲವಲ್ಲ. ಎರಡು ರಶೀದಿ ಪುಸ್ತಕ, ಎರಡು ಖಾತೆ ಇಟ್ಟರೆ ಅರ್ಧ ಗೊಂದಲ ತೀರುತ್ತದೆ.

ವಿದೇಶದಿಂದ ಬರುವ ಹಣದ ಬಗ್ಗೆಯೂ ತಿಳಿದಿರಬೇಕು. ಭಾರತದ ಪೌರತ್ವವಿರುವ ನಿಮ್ಮ ಅಣ್ಣ ದುಬೈಯಲ್ಲಿ ದುಡಿದ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಕಾನೂನು ಅದನ್ನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಆದರೆ ಅಲ್ಲಿನ ಪ್ರಜೆಯೊಬ್ಬನು, ಅಥವಾ ಅಲ್ಲಿನ ಸಂಸ್ಥೆಯು ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ಬಳಿಕ ಅಂತಹ ಹಣವನ್ನು ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. ಮೊದಲು ಈ ಮಿತಿ ಶೇ. 50 ಇತ್ತು. ಯಾರದೋ ಖಾತೆಗೆ ಹಾಕಿಸಿ ತರಿಸಿಕೊಂಡರಾಯಿತು ಎನ್ನುವ ಧೈರ್ಯವಂತರಿಂದ ದೂರವಿರಿ. ಸಿಕ್ಕಿಬಿದ್ದಾಗ ಕೆಟ್ಟ ಹೆಸರು ಅವರೊಬ್ಬರಿಗೆ ಬರುವುದಿಲ್ಲ, ಇಡೀ ಜಮಾಅತಿಗೆ ಬರುತ್ತದೆ.

ಕೊಡುವವರಿಗೂ ಒಂದು ಅದಬ್ ಇದೆ. ಉಸ್ಮಾನ್(ರ) ರೂಮಾ ಬಾವಿಯನ್ನು ಕ್ರಯಕ್ಕೆ ಪಡೆದು ಜನರಿಗೆ ಬಿಟ್ಟುಕೊಟ್ಟಾಗ ಅವರ ಬಕೆಟಿಗೂ ಇತರರ ಬಕೆಟಿಗೂ ಅಲ್ಲಿ ಭೇದವಿರಲಿಲ್ಲ. ಹಣ ಕೊಟ್ಟೆನೆಂಬ ಕಾರಣಕ್ಕೆ ಕಮಿಟಿಯಲ್ಲಿ ಕುರ್ಚಿ ಕೇಳುವುದು, ನೆರವು ಪಡೆದ ಹುಡುಗಿಯನ್ನು ವೇದಿಕೆಗೆ ಕರೆದು ನಿಲ್ಲಿಸುವುದು, ಯಂತ್ರದ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಸುವುದು ದಾನವನ್ನು ಒಳಗಿಂದಲೇ ತಿಂದು ಹಾಕುತ್ತವೆ. ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂದು ಕುರ್‌ಆನ್ ಎಚ್ಚರಿಸಿದೆ. ಆದರೆ ಲೆಕ್ಕ ಕೇಳುವುದು ಎತ್ತಿ ಆಡುವುದಲ್ಲ. ಅದು ಕೊಟ್ಟವನ ಹಕ್ಕು, ಪಡೆದವನ ರಕ್ಷಣೆ.

ಕೆಲಸ ಮುಗಿದ ಮೇಲೆ ಹಣ ಉಳಿದರೇನು ಮಾಡಬೇಕು? ಪತ್ರ ಬರೆದು ಕೇಳುವವರಲ್ಲಿ ಹೆಚ್ಚಿನವರ ಪ್ರಶ್ನೆ ಇದೇ. ಬಾವಿಗೆಂದು ಬಂದ ಹಣದಲ್ಲಿ ಮಿಕ್ಕಿದ್ದನ್ನು ಮಸೀದಿಯ ಫ್ಯಾನುಗಳಿಗೆ ಹಾಕಬಹುದೇ? ಎರಡೂ ಪುಣ್ಯವೇ ಅಲ್ಲವೇ ಎಂದು ತೋರುವುದು ಸಹಜ. ಆದರೆ ವಕ್ಫ್ ಮಾಡಿದವನ ಶರತ್ತಿಗೆ ಶಾಸನದಷ್ಟೇ ಬೆಲೆಯಿದೆ ಎಂಬುದು ಫುಕಹಾಗಳ ಪ್ರಸಿದ್ಧ ಸೂತ್ರ. ನಿರ್ದಿಷ್ಟ ಉದ್ದೇಶಕ್ಕೆಂದು ಕೊಟ್ಟ ಇತರ ಹಣದಲ್ಲೂ ಕೊಟ್ಟವನ ಇಚ್ಛೆಯನ್ನು ಮೀರುವ ಅಧಿಕಾರ ನಮಗಿಲ್ಲ. ಆದುದರಿಂದ ಖರ್ಚಿನ ವಿವರ, ರಶೀದಿಗಳ ಪ್ರತಿ, ಉಳಿದ ಮೊತ್ತ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟವರಿಗೆ ಕಳುಹಿಸಿರಿ, ಒಂದು ಪ್ರತಿಯನ್ನು ಮಸೀದಿಯ ಸೂಚನಾ ಫಲಕಕ್ಕೆ ಅಂಟಿಸಿರಿ. ಉಳಿದುದನ್ನು ಬೇರೆ ಕೆಲಸಕ್ಕೆ ಬಳಸಬಹುದೇ ಎಂದು ಅದೇ ಪತ್ರದಲ್ಲಿ ಕೇಳಿರಿ. ಉತ್ತರ ಬರುವ ತನಕ ಆ ಹಣ ಬ್ಯಾಂಕಿನಲ್ಲೇ ಇರಲಿ. ಇನ್ನೂ ಒಂದು ತಿಂಗಳು ಫ್ಯಾನಿಲ್ಲದೆ ನಮಾಝ್ ಮಾಡಬಹುದು.